ಗುಂಡಿಗೆಯೊಳಗಿನ ಸುಣ್ಣ

ತೊಟ್ಟಿಯೊಳಗಿನ ಸುಣ್ಣದ ಕಲ್ಲುಗಳ ಮೇಲೆ ಪಟಾಲಮ್ಮ ಇನ್ನೊಂದು ಕೊಡ ನೀರು ಸುರಿದು, ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ಮೊದಲು ಏನೂ ಆಗಲಿಲ್ಲ. ಸುಟ್ಟ ಕಲ್ಲಿನ ಗುಣವೇ ಹಾಗೆ. ನೀರು ಕುಡಿದು ಒಂದು ಗಳಿಗೆ ಯೋಚನೆ ಮಾಡುತ್ತದೆ. ಆಮೇಲೆ ಚಿಟ್ಟೆಂದು ಒಂದು ಕಲ್ಲು ಬಿರಿಯಿತು. ಅದರ ಬೆನ್ನಿಗೇ ಇನ್ನೊಂದು. ನೋಡನೋಡುತ್ತಿದ್ದಂತೆ ತೊಟ್ಟಿಯೆಲ್ಲ ಕೊತಕೊತನೆ ಕುದ್ದು, ಬಿಳಿಯ ಹಬೆ ತಗಡಿನ ಮಾಡನ್ನು ಮುಟ್ಟಿತು. ಕೆಳಗೆ ಬೆಂಕಿಯಿಲ್ಲ, ಸೌದೆಯಿಲ್ಲ. ಮದುವೆಯಾಗಿ ಬಂದ ದಿನದಿಂದ ಮಾಡುತ್ತಿದ್ದ ಕೆಲಸವಾದರೂ ಆ ಕುದಿ ಏಳುವಾಗ ಅವಳು ಕೋಲು ಹಿಡಿದ ಕೈಯನ್ನು ಒಂದು ಕ್ಷಣ ನಿಲ್ಲಿಸಿಯೇ ನಿಲ್ಲಿಸುತ್ತಿದ್ದಳು.

ಅದು ಎಪ್ಪತ್ತೊಂಬತ್ತನೆಯ ಇಸವಿ, ಯುಗಾದಿಗೆ ಮುಂಚಿನ ದಿನಗಳು. ಮಾಗಡಿ ರಸ್ತೆಯಿಂದ ವಿಜಯನಗರಕ್ಕೆ ತಿರುಗುವಲ್ಲಿ ಅವಳ ಗಂಡ ಮುನಿಯಪ್ಪನ ಸುಣ್ಣದ ಅಂಗಡಿ, ಅದರ ಹಿಂದೆಯೇ ಮನೆ. ಸಿಮೆಂಟಿಗೆ ಪರ್ಮಿಟ್ಟು ಹಿಡಿದು ಅಲೆಯಬೇಕಾಗಿದ್ದ ಕಾಲ. ಹೊಸ ಬಡಾವಣೆಯಲ್ಲಿ ಗೋಡೆ ಎಬ್ಬಿಸುವವರು ಗಾರೆಗೆ, ಹಬ್ಬದ ಮನೆಯವರು ಬಳಿಯುವುದಕ್ಕೆ, ಎಲೆಯಡಿಕೆಯ ಚಟದವರು ಚಿಪ್ಪಿನ ಸುಣ್ಣಕ್ಕೆ ಎಲ್ಲರೂ ಅಲ್ಲಿಗೇ ಬರುತ್ತಿದ್ದರು.

"ಏಯ್, ನಿಮ್ಮಣ್ಣನ ಕಾಗದ ಮತ್ತೆ ಬಂದೈತೆ," ಎನ್ನುತ್ತ ಮುನಿಯಪ್ಪ ಒಳಗೆ ಬಂದ. "ಹುಡುಗೀಗೆ ಹೂ ಮುಡಿಸೋಕೆ ಯಾವತ್ತು ಬರ್ಲಿ ಅಂತ ಕೇಳವ್ನೆ. ಏನಂತ ಬರೀಲಿ?"

"ಸುಣ್ಣ ಆರ್ಲಿ ತಡೀರಿ."

"ಸುಣ್ಣ ಆರ್ತದೆ, ಅಂಜಿನಯ್ಯ ಆರಲ್ಲ. ಕುಣಿಗಲ್ಲಿಂದ ಇದು ಎಷ್ಟನೇ ಕಾಗದ? ನಾಳೆ ಅವನು ಮಗನಿಗೆ ಬೇರೆ ಕಡೆ ಹೆಣ್ಣು ನೋಡಿದ್ರೆ ಆಗ ಬಾಯಿ ಬಡ್ಕೋಬೇಡ."

ಅಂಜಿನಯ್ಯ ಅವಳ ಒಡಹುಟ್ಟಿದ ಅಣ್ಣ. ಅವನ ಮಗನಿಗೆ ಪಟಾಲಮ್ಮನ ಒಬ್ಬಳೇ ಮಗಳು ಪಂಕಜಾಳನ್ನು ಕೊಡುವುದು ತೊಟ್ಟಿಲಿನಲ್ಲೇ ಆಡಿಕೊಂಡ ಮಾತು. ಹುಡುಗನೇನೂ ಕೆಟ್ಟವನಲ್ಲ. ಆದರೆ ಪಂಕಜಾ ಮೇಷ್ಟ್ರಾಗುವ ತರಬೇತಿಗೆ ಸೇರಿ ಇನ್ನೂ ಮೊದಲನೆಯ ವರ್ಷ ಮುಗಿದಿರಲಿಲ್ಲ. ಮದುವೆಯಾದರೆ ಓದು ಅಲ್ಲಿಗೆ ಮುಗಿಯಿತು. ಅಣ್ಣನ ಮನೆಯಲ್ಲಿ ಸೊಸೆಯನ್ನು ಪುಸ್ತಕದ ಚೀಲ ಹೊರಿಸಿ ಕಳಿಸುವವರು ಯಾರಿದ್ದಾರೆ?

ಪಟಾಲಮ್ಮನಿಗೆ ಬೇಡವೆಂದು ಬರೆಸುವ ಆಸೆ. ಬರೆಸುವ ಧೈರ್ಯ ಮಾತ್ರ ಇರಲಿಲ್ಲ. ಏಕೆಂದರೆ ತಾನು ಹೆಚ್ಚು ದಿನ ಇರುವವಳಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು. ಬೆಳಗಿನ ಜಾವ, ಕೋಳಿ ಕೂಗುವ ಹೊತ್ತಿಗೆ, ಮಲಗಿದ್ದವಳ ಎದೆಯನ್ನು ಯಾರೋ ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡುತ್ತಿದ್ದರು. ಬೆವರು ಕಿತ್ತುಬರುತ್ತಿತ್ತು, ಎಡಗೈ ಸೋಲುತ್ತಿತ್ತು. ಅಷ್ಟು ಹೊತ್ತು ಯಮನ ಎದುರು ಕೂತಂತೆ ಕೂತಿದ್ದು, ಬಿಟ್ಟ ಮೇಲೆ ಎದ್ದು ಅಂಗಳ ಗುಡಿಸುತ್ತಿದ್ದಳು. ತಾನು ಹೋದರೆ ತಾಯಿಯಿಲ್ಲದ ಹುಡುಗಿಗೆ ಸೋದರಮಾವನ ಮನೆಗಿಂತ ಬೇರೆ ನೆಲೆ ಯಾವುದು? ತಾನು ಉಳಿಯುವುದಾದರೆ, ಓದಲಿ. ಅದು ಗೊತ್ತಾಗದೆ ಯಾವ ಉತ್ತರ ಬರೆಸುವುದು?

"ಹಗಲೆಲ್ಲ ಎಮ್ಮೆ ಹಂಗೆ ದುಡೀತೀಯ, ಬುಟ್ಟಿ ಮೇಲೆ ಬುಟ್ಟಿ ಹೊರ್ತೀಯ. ಜಾವಕ್ಕೆ ಮಾತ್ರ ಸತ್ತೆ ಅಂತೀಯ. ಎದೆನೋವು ಅನ್ನೋದು ದುಡಿಯೋವಾಗ ಬರ್ತದಾ, ಮಲಗಿರೋವಾಗ ಬರ್ತದಾ?" ಎಂದು ಮುನಿಯಪ್ಪ ಗೊಣಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಹೆದರಿದವನ ಮಾತು ಹಾಗೇ ಇರುತ್ತದೆ.

ಅವನನ್ನೇನು ಅನ್ನುವುದು, ವೈದ್ಯರೂ ಅದನ್ನೇ ಕೇಳಿದ್ದರು. ಒಬ್ಬರು ಗ್ಯಾಸ್ ಎಂದರು. ಇನ್ನೊಬ್ಬರು ಎದೆಗೆ ತಂತಿ ಹಚ್ಚಿ ಗುಂಡಿಗೆಯ ಮಿಡಿತದ ಗೆರೆ ತೆಗೆದು, ಎಲ್ಲ ಸರಿಯಾಗಿದೆ ಎಂದರು. ಮತ್ತೊಬ್ಬರು ಗುಂಡಿಗೆಯ ಓಟ ತಗ್ಗಿಸುವ ಮಾತ್ರೆ ಕೊಟ್ಟರು. ಅದನ್ನು ನುಂಗಿದ ವಾರವೇ ನೋವು ಇನ್ನಷ್ಟು ಬಿಗಿಯಾಗಿ ಬಂತು.

ಕೊನೆಗೆ ಅವಳನ್ನು ರಾಜಾಜಿನಗರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದವಳು ಪಂಕಜಾ. ಅಲ್ಲಿನ ಹೃದಯದ ಡಾಕ್ಟರು ಸತ್ಯವತಿ. ಕೆಳಗೆ ಆಸ್ಪತ್ರೆ, ಮಹಡಿಯ ಮೇಲೆ ಅವರ ಸಂಸಾರ. ಅವರು ಪಟಾಲಮ್ಮನನ್ನು ಮೆಟ್ಟಿಲು ಹತ್ತಿಸಿ ಇಳಿಸಿ, ಮತ್ತೆ ಹತ್ತಿಸಿ ಇಳಿಸಿ, ಗೆರೆ ತೆಗೆದು ನೋಡಿದರು. ಎಲ್ಲವೂ ನೆಟ್ಟಗಿತ್ತು.

"ಸುಣ್ಣದ ಬುಟ್ಟಿ ಹೊತ್ತಾಗ ಯಾವತ್ತಾದ್ರೂ ನೋವು ಬಂದಿದೆಯಾ?"

"ಇಲ್ಲ ಕಣವ್ವ. ಅದೇ ಎಲ್ರಿಗೂ ಅನುಮಾನ. ನಾನು ಸೋಗು ಹಾಕ್ತೀನಿ ಅಂತ."

"ನನಗೆ ಅನುಮಾನ ಇಲ್ಲ," ಎಂದರು ಡಾಕ್ಟರು. "ನೋವು ಬರೋ ಹೊತ್ತಲ್ಲಿ ಯಾರೂ ನಿಮ್ಮ ಗೆರೆ ತೆಗೆದಿಲ್ಲ, ಅಷ್ಟೆ. ಕಳ್ಳ ಬಂದು ಹೋದ ಮೇಲೆ ಮನೆ ನೋಡಿದ್ರೆ ಏನು ಸಿಗುತ್ತೆ? ಇಲ್ಲೇ ಮಲಗಿ. ಅವನು ಬರಲಿ."

ಕಳ್ಳ ಮೊದಲ ದಿನ ಬರಲಿಲ್ಲ. ಎರಡನೆಯ ದಿನ ಬೆಳಗಿನ ಜಾವಕ್ಕೆ ಬಂದ. ಪಟಾಲಮ್ಮ ಮಂಚದ ಕಂಬಿ ಹಿಡಿದು ನರಳಿದ್ದೇ ತಡ, ನರ್ಸು ಓಡಿದಳು, ಡಾಕ್ಟರು ಕೆದರಿದ ಕೂದಲಲ್ಲೇ ಇಳಿದು ಬಂದರು. ಎದೆಗೆ ತಣ್ಣನೆಯ ಬಟ್ಟಲುಗಳು ಅಂಟಿದವು, ಪೆಟ್ಟಿಗೆ ಗುರುಗುಟ್ಟಿತು, ಕಾಗದದ ಪಟ್ಟಿ ಹೊರಗೆ ಹರಿಯತೊಡಗಿತು. ಅವ್ವನ ಜೊತೆಗೆ ಉಳಿದಿದ್ದ ಪಂಕಜಾ ಟಾರ್ಚು ಹಿಡಿದಿದ್ದಳು. ಹಗಲು ಚಿಕ್ಕ ಚಿಕ್ಕ ಮುಳ್ಳಿನಂತೆ ಇದ್ದ ಗೆರೆ ಈಗ ಒಂದರ ಪಕ್ಕ ಒಂದು ಗುಡ್ಡವಾಗಿ ಎದ್ದು ನಿಂತಿತ್ತು.

"ಸಿಕ್ಕಿದ," ಎಂದರು ಡಾಕ್ಟರು ಮೆಲ್ಲಗೆ. ಕಿತ್ತಳೆ ಬಣ್ಣದ, ಹುಣಿಸೆ ಬೀಜದಷ್ಟು ದಪ್ಪದ ಒಂದು ಗುಳಿಗೆಯನ್ನು ಪಟಾಲಮ್ಮನ ಬಾಯಿಗಿಟ್ಟರು. "ಕಚ್ಚಿ ಒಡೀರಿ. ರಸ ಬಾಯಲ್ಲೇ ಇಟ್ಕೊಂಡು ನಿಧಾನಕ್ಕೆ ನುಂಗಿ."

ಕಚ್ಚಿದಳು. ಎಂಥದೋ ಕಹಿ. ಸ್ವಲ್ಪ ಹೊತ್ತಿನಲ್ಲಿ ಕೆನ್ನೆ, ಕಿವಿ ಎಲ್ಲ ಬಿಸಿಯೇರಿದವು. ತೊಟ್ಟಿಯ ಹಬೆಗೆ ಮುಖವೊಡ್ಡಿದ ಹಾಗೆ. ತಲೆ ಧಿಮ್ಮೆಂದಿತು. ಆಮೇಲೆ ಎದೆಯನ್ನು ಹಿಂಡುತ್ತಿದ್ದ ಆ ಕೈ ಒಂದೊಂದೇ ಬೆರಳು ಸಡಿಲಿಸುತ್ತ ಹೋಯಿತು. ಇಷ್ಟು ದಿನ ಅದು ತನಗೆ ಬೇಕಾದಾಗ ಬಿಡುತ್ತಿತ್ತು. ಇವತ್ತು ಬಿಡಿಸಿದ ಹಾಗೆ ಬಿಟ್ಟಿತು.

"ಅವ್ವಾ, ನೋಡವ್ವಾ!" ಪಂಕಜಾ ಬೆರಳು ಮಾಡಿ ತೋರಿಸಿದಳು. ಪಟ್ಟಿಯ ಮೇಲೆ ಗುಡ್ಡಗಳು ತಗ್ಗುತ್ತಿದ್ದವು. ಗುಡ್ಡ ದಿಣ್ಣೆಯಾಯಿತು, ದಿಣ್ಣೆ ಬದುವಾಯಿತು, ಬದು ನೆಲಕ್ಕೆ ಸೇರಿ ಮತ್ತೆ ಅದೇ ಹಗಲಿನ ಗೆರೆ. ತನ್ನ ಮೈಯೊಳಗೆ, ತಾನೇ ಕಾಣದ ಕತ್ತಲಲ್ಲಿ ನಡೆದದ್ದು ಅಂಗೈಯಗಲದ ಕಾಗದದ ಮೇಲೆ ಬಂದು ಬಿದ್ದಿತ್ತು. ಪಟಾಲಮ್ಮ ಅದನ್ನು ಮುಟ್ಟಲು ಬೆರಳು ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ಮನೆಯಲ್ಲಿ ಯಾರೂ ನಂಬದ ನೋವು ಅದು. ಅದಕ್ಕೂ ಒಂದು ಆಕಾರವಿತ್ತು.

"ಈ ಮದ್ದಿನ ವಿಷಯ ನಾನು ಓದಿದ್ದೆ ಅಷ್ಟೆ," ಎಂದರು ಡಾಕ್ಟರು, ಪಟ್ಟಿಯನ್ನು ಕೈಯಿಂದ ಬಿಡದೆ. "ಜರ್ಮನಿಗೆ ಹೋಗಿದ್ದ ಸ್ನೇಹಿತರು ತಂದುಕೊಟ್ಟಿದ್ದು. ಕಣ್ಣಾರೆ ನೋಡಿದ್ದು ಇವತ್ತೇ."

ಬೆಳಕು ಹರಿದ ಮೇಲೆ ಮುನಿಯಪ್ಪ ಬಂದ. ಡಾಕ್ಟರು ಅವನನ್ನು ಕೂರಿಸಿ ಬಿಡಿಸಿ ಹೇಳಿದರು. ಗುಂಡಿಗೆಗೆ ರಕ್ತ ಉಣಿಸುವ ಸಣ್ಣ ಸಣ್ಣ ನಾಳಗಳಿವೆ. ಆ ನಾಳದ ಗೋಡೆಯೂ ಮಾಂಸವೇ; ಬಿಗಿಯಬಲ್ಲದು, ಸಡಿಲಬಲ್ಲದು. ಇವರದು ಜಾವದಲ್ಲಿ ಕಾರಣವಿಲ್ಲದೆ ಬಿಗಿಯುತ್ತದೆ. ಮಾಂಸದ ಒಂದೊಂದು ಕಣಕ್ಕೂ ಕಣ್ಣಿಗೆ ಕಾಣದ ಕಿಂಡಿಗಳಿವೆ. ಆ ಕಿಂಡಿಯಿಂದ ಕ್ಯಾಲ್ಸಿಯಂ ಒಳಗೆ ಹೋದರೆ ಮಾಂಸ ಬಿಗಿಯುತ್ತದೆ, ಹೊರಗೆ ಬಂದರೆ ಸಡಿಲವಾಗುತ್ತದೆ. ಈ ಗುಳಿಗೆ ಹೋಗಿ ಕಿಂಡಿಗೆ ಅರೆಬಾಗಿಲು ಹಾಕುತ್ತದೆ. ಮೊದಲು ಕೊಟ್ಟ ಮಾತ್ರೆ ಎಷ್ಟೋ ಜನರಿಗೆ ಒಳ್ಳೆಯದೇ, ಆದರೆ ಈ ಜಾತಿಯ ನೋವಿಗೆ ಆಗಿಬರುವುದಿಲ್ಲ.

"ಕ್ಯಾಲ್ಸಿಯಂ ಅಂದ್ರೆ?" ಎಂದ ಮುನಿಯಪ್ಪ.

"ಸುಣ್ಣ ಕಣಪ್ಪಾ," ಎಂದಳು ಪಂಕಜಾ. "ಸುಣ್ಣದಲ್ಲಿ ಇರೋದೇ ಅದು."

ಮುನಿಯಪ್ಪನ ಮುಖ ಬಿಳಿಚಿಕೊಂಡಿತು. ಅಲ್ಲಿಂದಾಚೆಗೆ ಡಾಕ್ಟರು ಏನು ಹೇಳಿದರೋ ಅವನ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದವನೇ ಅಂಗಡಿಯ ಹಲಗೆ ಎಳೆದು ಮುಚ್ಚಿದ. ಯುಗಾದಿಯ ಮಾರಾಟದ ಹೊತ್ತು! ಬಂದ ಗಿರಾಕಿಗಳೆಲ್ಲ ಬೈದುಕೊಂಡು ಹಿಂದಕ್ಕೆ ಹೋದರು. ತೊಟ್ಟಿಗೆ ಗೋಣಿ ಹೊದಿಸಿದ. ಅಂಗಳದಿಂದ ಅಡುಗೆಮನೆಯವರೆಗೆ ನೀರು ಹುಯ್ದು ತೊಳೆದ. ಹೆಂಡತಿಯ ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ತೆಗೆದು ಚರಂಡಿಗೆಸೆದ. ರಾಗಿಯಲ್ಲೂ ಹಾಲಲ್ಲೂ ಕ್ಯಾಲ್ಸಿಯಂ ಇದೆ ಎಂದು ಪಂಕಜಾಳ ಪುಸ್ತಕದಿಂದ ತಿಳಿದದ್ದೇ, ಮನೆಯಲ್ಲಿ ಮುದ್ದೆ ನಿಂತುಹೋಯಿತು.

"ಇದೇನು ಹುಚ್ಚು? ಮುದ್ದೆ ಇಲ್ದೆ ನಾನು ಹೆಂಗೆ ಬದುಕ್ಲಿ?" ಎಂದಳು ಪಟಾಲಮ್ಮ.

"ನಮ್ಮಪ್ಪನ ಕಾಲದಿಂದ ಸುಣ್ಣ ಮಾರಿದೀವಿ. ಬೀದಿ ಜನಕ್ಕೆಲ್ಲ ಬೆಣ್ಣೆ ತಿನ್ಸಿ ನಿನ್ನ ಎದೆಗೆ ಸುಣ್ಣ ಬಳ್ದೆ ನಾನು," ಎಂದು ಮುನಿಯಪ್ಪ ಗೋಡೆಯ ಕಡೆ ತಿರುಗಿಕೊಂಡ. ಅವನ ಹೆಗಲು ಅಲುಗುತ್ತಿತ್ತು. "ಹಬೆ ಕುಡಿದೂ ಕುಡಿದೂ ಒಳಗೆ ಸೇರ್ಕೊಂಡದೆ. ನಾನೇ ನಿನ್ನ ಸಾಯಿಸ್ತಾ ಇದ್ದೆ ಕಣೇ."

ಅಪ್ಪಾ ಅದು ಹಾಗಲ್ಲ ಎಂದು ಪಂಕಜಾ ಬಾಯಿ ತೆರೆದಳು. ಆದರೆ ಹೇಗೆ ಎಂದು ಅವಳಿಗೂ ತಿಳಿಯದು. ಪಟಾಲಮ್ಮನಿಗೆ ಮಾತ್ರ ಗಂಡನ ಲೆಕ್ಕ ಸರಿಯೆಂದೇ ತೋರಿತು. ತೋರಿದ್ದೇ ಅದಕ್ಕೆ ತನ್ನದೊಂದು ಲೆಕ್ಕವನ್ನೂ ಸೇರಿಸಿದಳು. ಗುಳಿಗೆಯ ಕೆಲಸ ಸುಣ್ಣ ತಡೆಯುವುದು. ಸುಣ್ಣವೇ ಒಳಗೆ ಹೋಗದ ಮೇಲೆ ಗುಳಿಗೆಗೇನು ಕೆಲಸ? ದೇಶಾಂತರದಿಂದ ಬಂದ ಮದ್ದು, ಸುಮ್ಮನೆ ಏಕೆ ನುಂಗಿ ಮುಗಿಸಬೇಕು? ದಿನಾ ನುಂಗಲೆಂದು ಡಾಕ್ಟರು ಕೊಟ್ಟು ಕಳಿಸಿದ್ದ ಗುಳಿಗೆಗಳನ್ನು ಯಾರಿಗೂ ಹೇಳದೆ ಅರಿಶಿನದ ಭರಣಿಯ ಹಿಂದೆ ತೆಗೆದಿಟ್ಟಳು. ಬರೀ ಅನ್ನ, ತಿಳಿಸಾರು. ಎಲೆಯಡಿಕೆ ಸುಣ್ಣವಿಲ್ಲದೆ ಹುಲ್ಲು ಜಗಿದ ಹಾಗೆ. ಆದರೂ ಸಹಿಸಿಕೊಂಡಳು. ಹೀಗೆ ಕೆಲವು ದಿನ ನೋವು ಸುಳಿಯದಿದ್ದರೆ, ಕುಣಿಗಲ್ಲಿಗೆ ತನಗೆ ಬೇಕಾದ ಉತ್ತರ ಬರೆಸಿಬಿಡಬಹುದು.

ನೋವು ಸುಳಿಯಿತು. ಸುಳಿದದ್ದಲ್ಲ, ಹೊಸಿಲು ಮುರಿದುಕೊಂಡು ನುಗ್ಗಿತು. ಹಬ್ಬದ ಮಾರನೆಯ ದಿನ ಇನ್ನೂ ಮಬ್ಬಿರುವಾಗ ಅವಳಿಗೆ ಕೂಗಲೂ ಉಸಿರು ಸಾಲದೆ, ಪಕ್ಕದಲ್ಲಿದ್ದ ತಂಬಿಗೆಯನ್ನು ಕಾಲಿನಿಂದ ಒದ್ದಳು. ಆ ಸದ್ದಿಗೆ ಎದ್ದ ಮುನಿಯಪ್ಪ ಹೆಂಡತಿಯ ಮುಖ ನೋಡಿ ಕಲ್ಲಾಗಿ ನಿಂತ. ಪಂಕಜಾ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಡಕಾಡಿ, ಕೊನೆಗೆ ಅರಿಶಿನದ ಭರಣಿಯ ಹಿಂದೆ ಗುಳಿಗೆ ಕಂಡು, ಅವ್ವನ ಹಲ್ಲಿನ ನಡುವೆ ಇಟ್ಟು ದವಡೆ ಒತ್ತಿದಳು.

ಆಮೇಲೆ ಆದದ್ದನ್ನು ಮುನಿಯಪ್ಪ ಕಣ್ಣಾರೆ ಕಂಡ. ಸುಣ್ಣದಂತೆ ಬಿಳಿಚಿದ್ದ ಮುಖಕ್ಕೆ ಕೆಂಪು ಹತ್ತಿತು. ಸೆಟೆದಿದ್ದ ಬೆರಳು ಬಿಚ್ಚಿತು. ಹೊರಗೆ ಹಾಲಿನವನ ಸೈಕಲ್ ಗಂಟೆ ಕೇಳುವ ಹೊತ್ತಿಗೆ ಅವಳು ನೀರು ಕೇಳಿದಳು.

"ಏನು ಮಾಯದ ಮದ್ದಪ್ಪಾ ಇದು," ಎಂದ ಮುನಿಯಪ್ಪ. ಮರುಗಳಿಗೆಗೆ, "ಇದನ್ನ ಯಾಕೆ ಬಚ್ಚಿಟ್ಟಿದ್ಯೇ ನೀನು?" ಎಂದು ಗದರಿದ. ಅವಳು ಹೇಳಿದಳು. ಅವನು ತಲೆಯ ಮೇಲೆ ಕೈಹೊತ್ತು ಕೂತ.

ಮೂವರೂ ಬಸ್ಸು ಹತ್ತಿ ರಾಜಾಜಿನಗರಕ್ಕೆ ಹೋದರು. ಮುಚ್ಚಿದ ಅಂಗಡಿ, ಚರಂಡಿಗೆ ಬಿದ್ದ ಡಬ್ಬಿ, ನಿಂತ ಮುದ್ದೆ ಎಲ್ಲವನ್ನೂ ಕೇಳಿ ಡಾಕ್ಟರು ಸತ್ಯವತಿ ನಗಲಿಲ್ಲ.

"ತಪ್ಪು ನನ್ನದೇ. ಅರ್ಧ ಕತೆ ಹೇಳಿ ಕಳಿಸಿಬಿಟ್ಟೆ," ಎಂದರು. "ಉಳಿದರ್ಧ ಕೇಳಿ ಮುನಿಯಪ್ಪನೋರೇ. ನೂರು ವರ್ಷದ ಹಿಂದಿನ ಮಾತು. ಇಂಗ್ಲೆಂಡಿನಲ್ಲಿ ಒಬ್ಬರು ಡಾಕ್ಟರು ಕಪ್ಪೆಯ ಗುಂಡಿಗೆ ತೆಗೆದು ಉಪ್ಪುನೀರಿನಲ್ಲಿ ಇಟ್ಟಿದ್ರು. ಮೈಯಿಂದ ಹೊರಗೆ ಬಂದ ಗುಂಡಿಗೆ. ಆದರೂ ಮಿಡೀತಾ ಇತ್ತು."

"ಕಪ್ಪೆ ಸತ್ತ ಮೇಲೂನಾ?"

"ಸತ್ತ ಮೇಲೂ. ಒಂದು ದಿನ ಬಹಳ ಶುದ್ಧವಾದ, ಬಟ್ಟಿ ಇಳಿಸಿದ ನೀರಲ್ಲಿ ಉಪ್ಪು ಕದಡಿ ಅದರಲ್ಲಿ ಇಟ್ರು. ಸ್ವಲ್ಪ ಹೊತ್ತಿಗೆ ಗುಂಡಿಗೆ ನಿಂತೇ ಹೋಯ್ತು. ಮೊದಲು ಇದ್ದದ್ದು ನಲ್ಲಿ ನೀರು. ಅದರಲ್ಲಿ ಏನಿತ್ತು, ಇದರಲ್ಲಿ ಏನಿಲ್ಲ? ಹುಡುಕಿ ನೋಡಿದ್ರೆ, ನಲ್ಲಿ ನೀರಲ್ಲಿ ಚೂರೇ ಚೂರು ಸುಣ್ಣದ ಅಂಶ ಇತ್ತು. ಅದನ್ನ ಸೇರಿಸಿದ್ರು. ಗುಂಡಿಗೆ ಮತ್ತೆ ಮಿಡೀತು."

ಮುನಿಯಪ್ಪ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಎಷ್ಟು ತೊಳೆದರೂ ಹೋಗದ ಬಿಳಿ, ರೇಖೆಗಳ ಸಂದಿಯಲ್ಲಿ ಉಳಿದಿತ್ತು.

"ಹಂಗಾದ್ರೆ ಅದು ವಿಷ ಅಲ್ಲ," ಎಂದ.

"ಅದಿಲ್ಲದೆ ಯಾರ ಗುಂಡಿಗೆಯೂ ಒಂದು ಸಲವೂ ಮಿಡಿಯಲ್ಲ. ನಿಮ್ಮದೂ ಅಷ್ಟೆ, ನನ್ನದೂ ಅಷ್ಟೆ. ನೀವು ತಿನ್ನೋದು ನಿಲ್ಲಿಸಿದ್ರೆ ಮೈ ಸುಮ್ಮನಿರಲ್ಲ, ಮೂಳೆಯಿಂದ ಕಿತ್ತು ರಕ್ತಕ್ಕೆ ಕೊಡುತ್ತೆ. ಮೂಳೆ ಅನ್ನೋದು ಸುಣ್ಣದ ಉಗ್ರಾಣ. ಹಬೆಯಿಂದ ಬಂದದ್ದೂ ಅಲ್ಲ, ಮುದ್ದೆಯಿಂದ ಬಂದದ್ದೂ ಅಲ್ಲ ಇವರ ಕಾಯಿಲೆ. ಕಿಂಡಿ ಅತಿಯಾಗಿ ತೆರೆದುಕೊಳ್ಳೋದೇ ಕಾಯಿಲೆ. ಗುಳಿಗೆ ಕಿಂಡೀನ ಪೂರಾ ಮುಚ್ಚಲ್ಲ, ಅರೆಬಾಗಿಲು ಹಾಕುತ್ತೆ. ಪೂರಾ ಮುಚ್ಚಿದ್ರೆ ಗುಂಡಿಗೆಯೇ ನಿಂತುಬಿಡುತ್ತಲ್ಲ."

ಅಷ್ಟು ಸಣ್ಣ ಕಿಂಡಿಗೆ ಅರೆಬಾಗಿಲು! ಪಟಾಲಮ್ಮ ಮನಸ್ಸಿನಲ್ಲೇ ಅದನ್ನು ತಿರುವಿ ಹಾಕಿದಳು. ಒಂದಿಷ್ಟು ಹೆಚ್ಚು ತೆರೆದರೂ ಸಾವು, ಒಂದಿಷ್ಟು ಹೆಚ್ಚು ಮುಚ್ಚಿದರೂ ಸಾವು. ನಡುವಿನ ಆ ಎಳೆಯಷ್ಟು ಸಂದಿಯಲ್ಲಿ ತಾನು ಹುಟ್ಟಿದ್ದು, ಬೆಳೆದದ್ದು, ಹೆತ್ತದ್ದು, ಬುಟ್ಟಿ ಹೊತ್ತದ್ದು.

"ಡಾಕ್ಟ್ರವ್ವಾ," ಮುನಿಯಪ್ಪ ತಲೆಯ ವಸ್ತ್ರ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. "ನಾನೊಂದು ಸಲ ಕೇಳಬಹುದಾ? ಇವಳ ಗುಂಡಿಗೆ?"

"ಥೂ, ಏನ್ರೀ ಇದು, ಮಗಳ ಮುಂದೆ!" ಎಂದಳು ಪಟಾಲಮ್ಮ. ಪಂಕಜಾ ಕಿಸಕ್ಕೆಂದು ನಕ್ಕಳು. ಡಾಕ್ಟರು ತಮ್ಮ ಸ್ಟೆತಾಸ್ಕೋಪಿನ ತುದಿಗಳನ್ನು ಅವನ ಕಿವಿಗಿಟ್ಟು, ಬಿಲ್ಲೆಯನ್ನು ಪಟಾಲಮ್ಮನ ಎದೆಯ ಮೇಲೆ ಹಿಡಿದರು.

ಅವನು ಕಣ್ಣು ಮುಚ್ಚಿದ. ಇಷ್ಟು ವರ್ಷ ಜೊತೆಗೆ ಬಾಳಿದವಳ ಎದೆಯೊಳಗಿನಿಂದ ಲೊಟ್ಟ್ ಟೊಕ್, ಲೊಟ್ಟ್ ಟೊಕ್ ಎಂದು ಯಾರೋ ತಾಳ ತಪ್ಪದೆ ಒನಕೆ ಹಾಕುತ್ತಿದ್ದರು. ಎಷ್ಟೋ ಹೊತ್ತು ಕೇಳಿದ.

"ಇದು ಯಾವಾಗ್ಲೂ ಹಿಂಗೇ ನಡೀತದಾ? ಅಮಾವಾಸ್ಯೆಗಾದ್ರೂ ರಜಾ ಇಲ್ವಾ?"

"ಇದೆ," ಎಂದರು ಡಾಕ್ಟರು. "ಒಂದು ಸದ್ದಿಗೂ ಇನ್ನೊಂದು ಸದ್ದಿಗೂ ನಡುವೆ ಒಂದು ಬಿಡುವಿದೆ, ಕೇಳಿಸ್ತಾ? ಅದೇ ರಜಾ. ಇನ್ನೊಂದು ಮಾತು ಹೇಳ್ಲಾ? ಗುಂಡಿಗೆ ಹಿಂಡಿದಾಗ ಮೈಗೆಲ್ಲ ರಕ್ತ ಹೋಗುತ್ತೆ. ತನ್ನ ಪಾಲಿನ ರಕ್ತ ಅದಕ್ಕೆ ಹೆಚ್ಚಾಗಿ ಸಿಗೋದು ಆ ಬಿಡುವಿನಲ್ಲೇ, ಅದು ಸಡಿಲವಾದಾಗ."

ಪಟಾಲಮ್ಮ ತಲೆಯೆತ್ತಿದಳು. "ಎಲ್ರಿಗೂ ಬಡಿಸಿ ಆದ ಮೇಲೆ ತಾನು ಉಣ್ಣೋದು ಅನ್ನಿ."

"ಹೂಂ. ನಿಮಗೆ ಜಾವದಲ್ಲಿ ಆಗ್ತಾ ಇದ್ದದ್ದು ಇಷ್ಟೆ: ಅದು ಉಣ್ಣೋ ಹೊತ್ತಿಗೆ ಸರಿಯಾಗಿ ಅನ್ನದ ದಾರಿಯೇ ಬಿಗೀತಾ ಇತ್ತು. ಗುಳಿಗೆ ಆ ದಾರಿ ಅಗಲ ಮಾಡುತ್ತೆ."

ಯಾರೂ ಕರೆಯದೆ, ಯಾರೂ ವಿಚಾರಿಸದೆ, ತಾನು ಬೈದುಕೊಂಡು ನರಳಿದ ಜಾವಗಳಲ್ಲೂ ಅದು ಹಸಿದುಕೊಂಡೇ ಎಲ್ಲರಿಗೂ ಬಡಿಸುತ್ತಿತ್ತು. ಪಟಾಲಮ್ಮ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡಳು. ನೋವಿಗಲ್ಲದೆ ಬೇರೆ ಕಾರಣಕ್ಕೆ ಹಾಗೆ ಇಟ್ಟದ್ದು ಬಹುಕಾಲದ ಮೇಲೆ.

"ಡಾಕ್ಟ್ರವ್ವ, ನನಗೊಂದು ಗೊತ್ತಾಗಬೇಕು," ಎಂದಳು. "ಇವಳ ಓದು ಮುಗಿಯೋವರ್ಗೂ ನಾನು ಇರ್ತೀನಾ?"

ಡಾಕ್ಟರು ಸ್ಟೆತಾಸ್ಕೋಪನ್ನು ಮಡಿಸಿ ಮೇಜಿನ ಮೇಲಿಟ್ಟರು. "ದಿನ ಬರೆದುಕೊಡೋ ಡಾಕ್ಟರು ಯಾರೂ ಇಲ್ಲ ಪಟಾಲಮ್ಮ. ಆದರೆ ಸುಳ್ಳು ಹೇಳಲ್ಲ, ಕೇಳಿ. ಬುಟ್ಟಿ ಹೊತ್ತಾಗ ನಿಮಗೆ ನೋವಿಲ್ಲ, ಮೆಟ್ಟಿಲು ಹತ್ತಿಸಿದಾಗಲೂ ಗೆರೆ ನೆಟ್ಟಗಿತ್ತು. ನಾಳಗಳು ಒಳ್ಳೆಯವೇ ಅಂತ ನನ್ನ ಅಂದಾಜು, ಬಿಗಿಯೋ ಚಾಳಿ ಒಂದು ಬಿಟ್ಟು. ಅದನ್ನ ಈ ಮದ್ದು ಹಿಡಿದಿಡುತ್ತೆ. ಪಾದ ಸ್ವಲ್ಪ ಊದಬಹುದು, ತಲೆ ಭಾರ ಆಗಬಹುದು, ಬಂದು ಹೇಳಿ. ಇದು ಸಿಗದೇ ಹೋದ್ರೆ ಇದೇ ಜಾತಿಯ ಇನ್ನೊಂದು ಮಾತ್ರೆ ಇದೆ, ಅದನ್ನ ತರಿಸ್ತೀನಿ. ಆದರೆ ನಿಮ್ಮ ಲೆಕ್ಕ ಹಾಕಿ ನಿಲ್ಲಿಸಬೇಡಿ. ನೀವು ನಿಲ್ಲಿಸದಿದ್ರೆ, ಓದು ಮುಗಿಸಿ ಇವಳು ಮೊದಲ ದಿನ ಪಾಠ ಮಾಡೋದನ್ನ ಕಿಟಕಿಯಲ್ಲಿ ನಿಂತು ನೋಡ್ತೀರಿ ಅಂತಲೇ ನನ್ನ ಲೆಕ್ಕ."

ಮನೆಗೆ ಬಂದ ಮೇಲೆ ಮುನಿಯಪ್ಪ ಅಂಗಡಿಯ ಹಲಗೆ ತೆಗೆದ. ಪಟಾಲಮ್ಮ ಒಂದು ಮುದ್ದೆ ಉಂಡು, ಗುಳಿಗೆ ನುಂಗಿ, ಮಗಳನ್ನು ಕರೆದಳು.

"ಬಾರೇ, ನಿಮ್ಮ ಮಾವನಿಗೆ ಕಾಗದ ಬರಿ."

"ನನ್ನ ಮದುವೆ ಕಾಗದ ನನ್ನ ಕೈಲೇ ಬರೆಸ್ತೀಯಾ? ನಾನು ಬರೆಯಲ್ಲಪ್ಪ," ಎಂದು ಪಂಕಜಾ ಬಾಗಿಲ ಹಿಂದೆ ಸರಿದಳು, ಆದರೆ ದೂರ ಹೋಗಲಿಲ್ಲ.

ಮುನಿಯಪ್ಪ ತಾನೇ ಇನ್‌ಲ್ಯಾಂಡ್ ಕಾಗದ ಬಿಡಿಸಿಕೊಂಡು ಕೂತ. "ಹೇಳು. ಏನಂತ ಬರೀಲಿ?" ಅದೇ ಮಾತನ್ನು ತಿಂಗಳುಗಳಿಂದ ಕೇಳುತ್ತಿದ್ದವನ ಧ್ವನಿಯಲ್ಲಿ ಇವತ್ತು ಅವಸರವಿರಲಿಲ್ಲ.

"ಅಣ್ಣನಿಗೆ ಸಾಷ್ಟಾಂಗ. ನನಗೆ ಗುಂಡಿಗೆ ನಾಳ ಬಿಗಿಯೋ ಕಾಯಿಲೆ ಐತೆ, ಮದ್ದು ಸಿಕ್ಕೈತೆ, ನಾನು ಇರ್ತೀನಿ ಅಂತ ಬರೀರಿ."

"ಇರ್ತೀನಿ. ಹೂಂ."

"ಪಂಕಜಾನ ಓದು ಮುಗೀಲಿ. ಅಲ್ಲೀವರ್ಗೂ ಹೂ ಮುಡಿಸೋ ಮಾತು ಬೇಡ. ಆಮೇಲೆ ಅವಳನ್ನೇ ಕೇಳಾನ. ನಿನ್ನ ಮಗನಿಗೆ ಕಾಯೋಕೆ ಆಗ್ದಿದ್ರೆ ಬೇರೆ ಹೆಣ್ಣು ನೋಡು, ನನಗೆ ಬೇಜಾರಿಲ್ಲ. ನನ್ನ ಮೇಲೆ ಕೋಪ ಮಾಡ್ಕೊಂಡ್ರೂ ಸರಿ, ಗೌರಿ ಹಬ್ಬಕ್ಕೆ ಬಾಗಿನ ಕಳಿಸೋದು ಮರೀಬೇಡ."

ಮುನಿಯಪ್ಪನ ಪೆನ್ನು 'ಬೇಡ' ಎಂಬಲ್ಲಿ ಒಂದು ಕ್ಷಣ ನಿಂತಿತು. ಹೆಂಡತಿಯ ಮುಖ ನೋಡಿದ. ಆಮೇಲೆ ಮುಂದಕ್ಕೆ ಬರೆದ. ಬರೆದು ಮುಗಿಸಿ, ಮಡಿಸಿ, ಅಂಚಿಗೆ ನಾಲಿಗೆ ಹಚ್ಚಿ ಅಂಟಿಸಿದ.

"ಕೊಡಿ, ನಾನೇ ಹಾಕಿ ಬರ್ತೀನಿ," ಎಂದಳು ಪಟಾಲಮ್ಮ.

ಮಾಗಡಿ ರಸ್ತೆಯ ಅಂಚೆಪೆಟ್ಟಿಗೆಯ ಬಾಯಿಗೆ ಅವಳು ತಲುಪುವ ಹೊತ್ತಿಗೆ ಅಂಚೆಯವನು ಅದರ ಹೊಟ್ಟೆ ತೆರೆದು ಕಾಗದಗಳನ್ನು ಚೀಲಕ್ಕೆ ಬಾಚುತ್ತಿದ್ದ. ಅವಳು ಕಾಗದ ಹಿಡಿದು ನಿಂತೇ ಇದ್ದಳು. ಬಸ್ಸೊಂದು ಧೂಳೆಬ್ಬಿಸಿಕೊಂಡು ಸುಂಕದಕಟ್ಟೆಯ ಕಡೆಗೆ ಹೋಯಿತು.

"ಹಾಕ್ತೀರೇನಮ್ಮ, ಇಲ್ಲಾ ಹಂಗೇ ಪೂಜೆ ಮಾಡ್ತೀರಾ?" ಎಂದ ಅಂಚೆಯವನು. "ಬೀಗ ಹಾಕ್ಬೇಕು ನಾನು."

"ತಗಳಪ್ಪ," ಎಂದು ಅವಳು ಅವನ ಕೈಗೇ ಕೊಟ್ಟಳು. "ಯಾವತ್ತು ತಲುಪ್ತದೆ?"

ಅವನು ವಿಳಾಸ ಓದಿ ಚೀಲದೊಳಕ್ಕೆ ಬಿಟ್ಟ. "ಕುಣಿಗಲ್ ತಾನೇ? ನಾಳೆ, ಇಲ್ಲಾ ನಾಳಿದ್ದು."

"ನಿಧಾನಕ್ಕೇ ಹೋಗ್ಲಿ ಬಿಡು. ನಾನೆಲ್ಲೂ ಹೋಗಲ್ಲ," ಎಂದಳು ಪಟಾಲಮ್ಮ. ಅವನು ಚೀಲವನ್ನು ಸೈಕಲ್ಲಿಗೆ ಬಿಗಿದು, ಪೆಡಲು ತುಳಿದು ಹೊರಟ.